ಪೈಥಾನ್‌ನಿಂದ ಡೇಟಾಬೇಸ್‌ನ ಸ್ವಂತ ಫಂಕ್ಷನ್ ಕರೆಯುವುದು ಹೇಗೆ: ಎಸ್‌ಕ್ಯುಎಲ್‌ಆಲ್ಕೆಮಿ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಒಂದು ಗ್ರಂಥಾಲಯದ ಸದಸ್ಯರ ಪಟ್ಟಿ ಡೇಟಾಬೇಸ್‌ನಲ್ಲಿದೆ ಅಂದುಕೊಳ್ಳಿ. ಪರದೆಯ ಮೇಲೆ ಸುರೇಶ್ ಗೌಡ ಎಂಬ ಹೆಸರು ಕಾಣುತ್ತಿದೆ. ಅದೇ ಹೆಸರನ್ನು ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೆ ಮಾತ್ರ ಏನೂ ಸಿಗುವುದಿಲ್ಲ. ಪಟ್ಟಿಯಲ್ಲಿರುವ ಹೆಸರಿನಲ್ಲಿ ಶ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿದೆ. ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್ ಹಾಕುವ ಅಕ್ಷರ ಅದು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 8204. ಡೇಟಾಬೇಸ್ ಪಾಲಿಗೆ ಈ ಎರಡೂ ಬೇರೆ ಬೇರೆ ಹೆಸರುಗಳು.

ಕನ್ನಡ ಪಠ್ಯದಲ್ಲಿ ಇಂಥದ್ದು ಇನ್ನೂ ಇವೆ. ಕೋ ಎಂಬ ಅಕ್ಷರದ ಓತ್ವವನ್ನು ಒಂದೇ ಚಿಹ್ನೆಯಾಗಿ ಉಳಿಸಬಹುದು, ಮೂರು ತುಂಡುಗಳಾಗಿಯೂ ಉಳಿಸಬಹುದು. ನೋಡಲು ಎರಡೂ ಒಂದೇ. ಮನೆ ಸಂಖ್ಯೆಯನ್ನು ಒಬ್ಬರು ೪೨ ಅಂತ ಬರೆಯುತ್ತಾರೆ, ಇನ್ನೊಬ್ಬರು 42 ಅಂತ. ಇವನ್ನೆಲ್ಲ ಒಂದೇ ರೂಪಕ್ಕೆ ತರುವ ಫಂಕ್ಷನ್ ಒಂದನ್ನು ಡೇಟಾಬೇಸ್ ಒಳಗೇ ಬರೆದು, ಪೈಥಾನ್‌ನಿಂದ ಕರೆದರೆ ಹುಡುಕಾಟ ಸರಿಹೋಗುತ್ತದೆ. ಈ ಬರಹದಲ್ಲಿ ಅದನ್ನೇ ಉದಾಹರಣೆಯಾಗಿ ಹಿಡಿದು ಒಂದೊಂದೇ ಹೆಜ್ಜೆ ಹೋಗೋಣ.

ಬಳಸುವುದು ಎಸ್‌ಕ್ಯುಎಲ್‌ಆಲ್ಕೆಮಿ 2.0, ಅಂದರೆ ಪೈಥಾನ್‌ನಿಂದ ಡೇಟಾಬೇಸ್ ಜೊತೆ ಮಾತಾಡಲು ಇರುವ ಲೈಬ್ರರಿ. ಈ ಆವೃತ್ತಿ 2023ರ ಜನವರಿಯಲ್ಲಿ ಬಂತು. ಡೇಟಾಬೇಸ್ ಪೋಸ್ಟ್‌ಗ್ರೆಸ್, ಟೆಸ್ಟ್‌ಗಳಿಗೆ ಎಸ್‌ಕ್ಯುಎಲೈಟ್. ಕೋಡ್‌ನ ಪದಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನಿಮ್ಮ ಎಡಿಟರ್‌ನಲ್ಲಿ ಬರೆಯುವಾಗ ಸೆಲೆಕ್ಟ್, ಫಂಕ್, ಕ್ರಿಯೇಟ್ ಮುಂತಾದವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಹೆಜ್ಜೆ 1: ಫಂಕ್ಷನ್ ಡೇಟಾಬೇಸ್‌ನಲ್ಲೇ ಬೇಕಾ?

ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದರೆ ಮುಗಿಯುವ ಕೆಲಸಕ್ಕೆ ಡೇಟಾಬೇಸ್ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ನನ್ನ ಅಳತೆ ಇಷ್ಟೇ: ಆ ಲೆಕ್ಕ ಸಾಲುಗಳನ್ನು ಆರಿಸುವುದಕ್ಕೆ ಅಥವಾ ಜೋಡಿಸುವುದಕ್ಕೆ ಬೇಕಿದ್ದರೆ ಡೇಟಾಬೇಸ್‌ನಲ್ಲಿರಲಿ. ಬರೀ ತೋರಿಸುವುದಕ್ಕೆ ಬೇಕಿದ್ದರೆ ಪೈಥಾನ್‌ನಲ್ಲಿರಲಿ. ಹೆಸರು ಹುಡುಕಲು ಎರಡು ಲಕ್ಷ ಸಾಲುಗಳನ್ನು ಪೈಥಾನ್‌ಗೆ ಎಳೆದು ತಂದು ಒಂದೊಂದನ್ನೇ ಹೋಲಿಸುವುದು ಸರಿಯಲ್ಲ ಅಲ್ವಾ? ಜೊತೆಗೆ, ಅದೇ ಡೇಟಾಬೇಸನ್ನು ಬೇರೆ ಭಾಷೆಯ ಪ್ರೋಗ್ರಾಂ ಕೂಡ ಬಳಸುತ್ತಿದ್ದರೆ ನಿಯಮ ಒಂದೇ ಕಡೆ ಇರುವುದು ಒಳ್ಳೆಯದು.

ಹೆಜ್ಜೆ 2: ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಬರೆಯುವುದು

ಫಂಕ್ಷನ್‌ಗೆ ಹುಡುಕು_ರೂಪ ಅಂತ ಹೆಸರಿಡೋಣ.

ಕ್ರಿಯೇಟ್ ಆರ್ ರಿಪ್ಲೇಸ್ ಫಂಕ್ಷನ್ ಹುಡುಕು_ರೂಪ(ಪಠ್ಯ ಟೆಕ್ಸ್ಟ್)
ರಿಟರ್ನ್ಸ್ ಟೆಕ್ಸ್ಟ್
ಲ್ಯಾಂಗ್ವೇಜ್ ಎಸ್‌ಕ್ಯುಎಲ್ ಇಮ್ಯೂಟಬಲ್ ಸ್ಟ್ರಿಕ್ಟ್
ಆಸ್ $$
ಸೆಲೆಕ್ಟ್ ಬಿಟ್ರಿಮ್(ನಾರ್ಮಲೈಸ್(ಟ್ರಾನ್ಸ್‌ಲೇಟ್(ಪಠ್ಯ, '೦೧೨೩೪೫೬೭೮೯' || ಸಿಎಚ್‌ಆರ್(8204) || ಸಿಎಚ್‌ಆರ್(8205), '0123456789')))
$$;

ಒಳಗಿನಿಂದ ಹೊರಗೆ ಓದಿ. ಟ್ರಾನ್ಸ್‌ಲೇಟ್ ಎರಡು ಪಟ್ಟಿಗಳನ್ನು ತೆಗೆದುಕೊಳ್ಳುತ್ತದೆ. ಮೊದಲ ಪಟ್ಟಿಯ ಅಕ್ಷರ ಸಿಕ್ಕಲ್ಲೆಲ್ಲ ಎರಡನೇ ಪಟ್ಟಿಯಲ್ಲಿ ಅದೇ ಜಾಗದಲ್ಲಿರುವ ಅಕ್ಷರ ಹಾಕುತ್ತದೆ. ಹಾಗಾಗಿ ೪ ಹೋಗಿ 4 ಬರುತ್ತದೆ. ಮೊದಲ ಪಟ್ಟಿ ಉದ್ದವಾಗಿದ್ದರೆ ಜೋಡಿಯಿಲ್ಲದ ಅಕ್ಷರಗಳು ಸುಮ್ನೆ ಅಳಿಸಿಹೋಗುತ್ತವೆ. 8204 ಮತ್ತು 8205 ಎಂಬ ಎರಡು ಕಾಣದ ಅಕ್ಷರಗಳನ್ನು ಕೊನೆಯಲ್ಲಿ ಇಟ್ಟಿರುವುದು ಅದಕ್ಕೇ. ಒಂದೇ ಕರೆಯಲ್ಲಿ ಎರಡು ಕೆಲಸ ಆಗುತ್ತದೆ. ನಾರ್ಮಲೈಸ್ ತುಂಡಾಗಿರುವ ಸ್ವರಚಿಹ್ನೆಗಳನ್ನು ಒಂದಾಗಿ ಕೂಡಿಸುತ್ತದೆ. ಇದು ಪೋಸ್ಟ್‌ಗ್ರೆಸ್ 13ರಿಂದ ಇದೆ, ಮತ್ತು ಡೇಟಾಬೇಸ್‌ನ ಎನ್‌ಕೋಡಿಂಗ್ ಯುಟಿಎಫ್-8 ಆಗಿರಬೇಕು. ಬಿಟ್ರಿಮ್ ಎರಡೂ ತುದಿಯ ಖಾಲಿ ಜಾಗ ತೆಗೆಯುತ್ತದೆ.

ಸ್ಟ್ರಿಕ್ಟ್ ಅಂದರೆ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಕೊಟ್ಟರೆ ಒಳಗಿನ ಕೋಡ್ ಓಡುವುದೇ ಇಲ್ಲ, ನೇರವಾಗಿ ನಲ್ ವಾಪಸ್ ಬರುತ್ತದೆ. ಇಮ್ಯೂಟಬಲ್ ಅನ್ನುವುದು ಇನ್ನೂ ಮುಖ್ಯ. ಅದೇ ಪಠ್ಯಕ್ಕೆ ಯಾವಾಗ ಕರೆದರೂ ಅದೇ ಉತ್ತರ ಬರುತ್ತದೆ ಎಂದು ನೀವು ಡೇಟಾಬೇಸ್‌ಗೆ ಕೊಡುವ ಮಾತು ಅದು. ಏನೂ ಬರೆಯದಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ವೊಲಟೈಲ್ ಎಂದು ತಿಳಿಯುತ್ತದೆ. ಅಂದರೆ ಪ್ರತಿ ಸಲ ಉತ್ತರ ಬದಲಾಗಬಹುದು, ಒಳಗೆ ಏನನ್ನಾದರೂ ಬರೆಯಲೂಬಹುದು. ಇವೆರಡರ ನಡುವೆ ಸ್ಟೇಬಲ್ ಇದೆ: ಒಂದು ಕ್ವೆರಿ ಮುಗಿಯುವವರೆಗೆ ಉತ್ತರ ಬದಲಾಗುವುದಿಲ್ಲ. ಇವತ್ತಿನ ದಿನಾಂಕ ನೋಡುವ ಅಥವಾ ಟೇಬಲ್ ಓದುವ ಫಂಕ್ಷನ್‌ಗಳು ಸ್ಟೇಬಲ್ ಗುಂಪಿಗೆ ಸೇರುತ್ತವೆ. ಸುಳ್ಳು ಮಾತು ಕೊಟ್ಟರೆ ಪೋಸ್ಟ್‌ಗ್ರೆಸ್ ಹಿಡಿಯುವುದಿಲ್ಲ. ತಪ್ಪು ಉತ್ತರ ಮಾತ್ರ ಬರುತ್ತದೆ.

ಒಂದು ಎಚ್ಚರಿಕೆ. ಈ ರೂಪ ಹುಡುಕುವುದಕ್ಕೆ ಮಾತ್ರ. ಇದನ್ನೇ ಮೂಲ ಹೆಸರಿನ ಮೇಲೆ ಬರೆದು ಉಳಿಸಬೇಡಿ. ರ‍್ಯಾಂಕ್ ಎಂಬ ಪದ ಸರಿಯಾಗಿ ಕಾಣಲು ಆ 8205 ಬೇಕೇ ಬೇಕು. ಜನ ತಮ್ಮ ಹೆಸರನ್ನು ಹೇಗೆ ಬರೆದುಕೊಟ್ಟರೋ ಹಾಗೇ ಕಾಪಾಡುವುದು ನಮ್ಮ ಹೊಣೆ.

ಹೆಜ್ಜೆ 3: ಫಂಕ್ ಮೂಲಕ ಕರೆಯುವುದು

ಎಸ್‌ಕ್ಯುಎಲ್‌ಆಲ್ಕೆಮಿಯಿಂದ ಸೆಲೆಕ್ಟ್ ಮತ್ತು ಫಂಕ್ ಎರಡನ್ನೂ ಇಂಪೋರ್ಟ್ ಮಾಡಿಕೊಳ್ಳಿ. ಆಮೇಲೆ ಹೀಗೆ ಬರೆಯಿರಿ (ಸದಸ್ಯ ಅನ್ನುವುದು ಸದಸ್ಯರ ಟೇಬಲ್‌ನ ಪೈಥಾನ್ ಮಾಡೆಲ್, ಬಂದ_ಹೆಸರು ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಹೆಸರು):

ಕ್ವೆರಿ = ಸೆಲೆಕ್ಟ್(ಸದಸ್ಯ).ವೇರ್(ಫಂಕ್.ಹುಡುಕು_ರೂಪ(ಸದಸ್ಯ.ಹೆಸರು) == ಫಂಕ್.ಹುಡುಕು_ರೂಪ(ಬಂದ_ಹೆಸರು))

ಕರೆಯುವುದು ಇಷ್ಟೇ. ಫಂಕ್ ಆದ ಮೇಲೆ ಚುಕ್ಕಿ ಇಟ್ಟು ಯಾವ ಹೆಸರು ಬರೆದರೂ ಅದು ಎಸ್‌ಕ್ಯುಎಲ್ ಫಂಕ್ಷನ್ ಕರೆಯಾಗುತ್ತದೆ. ಆ ಹೆಸರಿನ ಫಂಕ್ಷನ್ ನಿಜವಾಗಿ ಇದೆಯಾ ಅಂತ ಎಸ್‌ಕ್ಯುಎಲ್‌ಆಲ್ಕೆಮಿ ನೋಡುವುದಿಲ್ಲ. ಒಂದು ಅಕ್ಷರ ತಪ್ಪು ಬರೆದರೂ ಪೈಥಾನ್ ಸುಮ್ಮನಿರುತ್ತದೆ. ಕ್ವೆರಿ ಡೇಟಾಬೇಸ್ ತಲುಪಿದಾಗಲೇ ತಪ್ಪು ಗೊತ್ತಾಗುವುದು. ಮುಂದಿನ ಹೆಜ್ಜೆಗಳ ಬಹುಪಾಲು ಕೆಲಸ ಹುಟ್ಟುವುದು ಇಲ್ಲಿಂದಲೇ. ಆ ಹೆಸರಿನ ಬಗ್ಗೆ ಎಸ್‌ಕ್ಯುಎಲ್‌ಆಲ್ಕೆಮಿಗೆ ಏನೂ ಗೊತ್ತಿಲ್ಲ, ಗೊತ್ತಾಗಬೇಕಾದದ್ದನ್ನು ನಾವೇ ಹೇಳಬೇಕು.

ಬಂದ_ಹೆಸರು ಎಂಬ ಪೈಥಾನ್ ಸ್ಟ್ರಿಂಗನ್ನು ಎಸ್‌ಕ್ಯುಎಲ್‌ಆಲ್ಕೆಮಿ ಕ್ವೆರಿಯ ಪಠ್ಯದೊಳಗೆ ಅಂಟಿಸುವುದಿಲ್ಲ. ಅದು ಬೇರೆಯಾಗಿ, ಬೈಂಡ್ ಪ್ಯಾರಾಮೀಟರ್ ಆಗಿ ಡ್ರೈವರ್‌ಗೆ (ಪೈಥಾನ್ ಮತ್ತು ಡೇಟಾಬೇಸ್ ನಡುವೆ ಮಾತು ಸಾಗಿಸುವ ಲೈಬ್ರರಿ) ಹೋಗುತ್ತದೆ. ಬಳಕೆದಾರರು ಏನೇ ಟೈಪ್ ಮಾಡಿದರೂ ಎಸ್‌ಕ್ಯುಎಲ್ ಇಂಜೆಕ್ಷನ್ (ಟೈಪ್ ಮಾಡಿದ ಪಠ್ಯವೇ ಆದೇಶವಾಗಿ ಓಡಿಬಿಡುವುದು) ಭಯವಿಲ್ಲ. ಸ್ಟ್ರಿಂಗ್‌ಗಳನ್ನು ಕೂಡಿಸಿ ಕೈಯಾರೆ ಕ್ವೆರಿ ಕಟ್ಟುವ ಅಭ್ಯಾಸ ಇದ್ದರೆ ಇದೊಂದು ಕಾರಣಕ್ಕಾದರೂ ಬಿಟ್ಟುಬಿಡಿ.

ಹೆಸರಿನ ಬಗ್ಗೆ ಕೆಲವು ನಿಯಮಗಳು ಗೊತ್ತಿರಲಿ. ಫಂಕ್ಷನ್ ಬೇರೆ ಸ್ಕೀಮಾದಲ್ಲಿದ್ದರೆ (ಸ್ಕೀಮಾ ಅಂದರೆ ಡೇಟಾಬೇಸ್ ಒಳಗಿನ ವಿಭಾಗ) ಚುಕ್ಕಿ ಸೇರಿಸುತ್ತಾ ಹೋಗಿ. ಉದಾಹರಣೆಗೆ ಫಂಕ್.ಉಪಕರಣ.ಹುಡುಕು_ರೂಪ(...) ಅಂತ ಬರೆದರೆ ಉಪಕರಣ ಸ್ಕೀಮಾದ ಫಂಕ್ಷನ್ ಕರೆದಂತೆ. ಒರಾಕಲ್‌ನ ಪ್ಯಾಕೇಜುಗಳಿಗೂ ಇದೇ ದಾರಿ. ಪೈಥಾನ್‌ನಲ್ಲಿ ಮೀಸಲಾದ ಪದವೇ ಫಂಕ್ಷನ್ ಹೆಸರಾಗಿದ್ದರೆ ಕೊನೆಗೆ ಒಂದು ಅಂಡರ್‌ಸ್ಕೋರ್ ಹಾಕಿ. ಎಸ್‌ಕ್ಯುಎಲ್ ಬರೆಯುವಾಗ ಅದು ತೆಗೆದುಹಾಕಲ್ಪಡುತ್ತದೆ. ಇದರಿಂದಾಗಿ, ನಿಮ್ಮ ಫಂಕ್ಷನ್ ಹೆಸರೇ ಅಂಡರ್‌ಸ್ಕೋರ್‌ನಿಂದ ಮುಗಿದರೆ ಎರಡು ಹಾಕಬೇಕಾಗುತ್ತದೆ.

ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಡುವಾಗ ದೊಡ್ಡಕ್ಷರ ಬೇಡ. ಉದ್ಧರಣ ಚಿಹ್ನೆಯೊಳಗೆ ದೊಡ್ಡಕ್ಷರ ಬೆರೆಸಿ ಫಂಕ್ಷನ್ ಸೃಷ್ಟಿಸಿದ್ದರೆ, ಫಂಕ್ ಚಿಹ್ನೆಯಿಲ್ಲದೆ ಬರೆಯುತ್ತದೆ, ಪೋಸ್ಟ್‌ಗ್ರೆಸ್ ಅದನ್ನು ಚಿಕ್ಕಕ್ಷರಕ್ಕೆ ಇಳಿಸುತ್ತದೆ, ಫಂಕ್ಷನ್ ಸಿಗುವುದಿಲ್ಲ.

ಹೆಸರನ್ನು ಕನ್ನಡದಲ್ಲೇ ಇಡಬಹುದಾ? ಇಡಬಹುದು. ಪೈಥಾನ್ 3 ಕನ್ನಡ ಅಕ್ಷರಗಳ ಹೆಸರನ್ನು ಒಪ್ಪುತ್ತದೆ, ಪೋಸ್ಟ್‌ಗ್ರೆಸ್ ಕೂಡ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಮಿತಿ 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ 3 ಬೈಟ್ ಬೇಕು. ಒಟ್ಟು 21ಕ್ಕಿಂತ ಜಾಸ್ತಿಯಾದರೆ ಉಳಿದದ್ದು ಕತ್ತರಿಸಿಹೋಗುತ್ತದೆ. ಕಲಿಯುವವರಿಗೆ, ಕಲಿಸುವವರಿಗೆ ಕನ್ನಡದ ಹೆಸರು ಬಹಳ ಚೆನ್ನ. ಹಲವು ಊರುಗಳ ಜನ ಸೇರಿ ನೋಡಿಕೊಳ್ಳುವ ಪ್ರಾಜೆಕ್ಟ್ ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಹೆಸರೇ ಅನುಕೂಲ.

ಹೆಜ್ಜೆ 4: ವಾಪಸ್ ಬರುವುದು ಯಾವ ಟೈಪ್ ಅಂತ ಹೇಳಿ

ಕೌಂಟ್, ಸಮ್, ನೌ ಮುಂತಾದ ಹೆಸರಾಂತ ಫಂಕ್ಷನ್‌ಗಳ ಟೈಪ್ ಎಸ್‌ಕ್ಯುಎಲ್‌ಆಲ್ಕೆಮಿಗೆ ಗೊತ್ತು. ನಮ್ಮ ಫಂಕ್ಷನ್ ಗೊತ್ತಿಲ್ಲ. ಅದಕ್ಕೆ ನಲ್‌ಟೈಪ್ ಅಂತ ಗುರುತು ಹಾಕಿ ಮುಂದೆ ಹೋಗುತ್ತದೆ. ಸಮ ಇದೆಯಾ ಅಂತ ಹೋಲಿಸುವವರೆಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಆಮೇಲೆ.

ಟೈಪ್ ಗೊತ್ತಿಲ್ಲದ ಎರಡು ಫಂಕ್ಷನ್‌ಗಳ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಎಸ್‌ಕ್ಯುಎಲ್‌ನಲ್ಲೂ + ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಪಠ್ಯಗಳನ್ನು ಸೇರಿಸಲು || ಬೇಕು, ಹಾಗಾಗಿ ಕ್ವೆರಿ ಬಿದ್ದುಹೋಗುತ್ತದೆ. ಜೇಸನ್ ಕೊಡುವ ಫಂಕ್ಷನ್ ಆದರೆ ಚೌಕ ಆವರಣ ಹಾಕಿ ಒಳಗಿನ ಮೌಲ್ಯ ತೆಗೆಯಲು ಆಗುವುದಿಲ್ಲ. ಎಸ್‌ಕ್ಯುಎಲೈಟ್‌ನಲ್ಲಿ ದಿನಾಂಕ ಕೊಡುವ ಫಂಕ್ಷನ್‌ನಿಂದ ಪೈಥಾನ್‌ಗೆ ಬರೀ ಸ್ಟ್ರಿಂಗ್ ಬರುತ್ತದೆ.

ಪರಿಹಾರ ಒಂದು ಪದದ್ದು:

ಫಂಕ್.ಹುಡುಕು_ರೂಪ(ಸದಸ್ಯ.ಹೆಸರು, ಟೈಪ್_=ಸ್ಟ್ರಿಂಗ್)

ಟೈಪ್ ಪದದ ಕೊನೆಗೆ ಅಂಡರ್‌ಸ್ಕೋರ್ ಇದೆ, ಮರೆಯಬೇಡಿ. ಒಂದೆರಡು ಕಡೆ ಕರೆಯುವುದಾದರೆ ಇದೇ ಸಾಕು. ಹತ್ತಾರು ಕಡೆ ಕರೆಯುವ ಫಂಕ್ಷನ್ ಆದರೆ ಪ್ರತಿ ಸಲ ಬರೆಯುವುದು ಬೇಡ, ಯಾರಾದರೂ ಒಂದು ಕಡೆ ಮರೆತೇ ಮರೆಯುತ್ತಾರೆ. ಜನೆರಿಕ್‌ಫಂಕ್ಷನ್ ಎಂಬ ಕ್ಲಾಸನ್ನು ವಿಸ್ತರಿಸಿ ಒಮ್ಮೆ ನೋಂದಾಯಿಸಿಬಿಡಿ:

ಕ್ಲಾಸ್ ಹುಡುಕು_ರೂಪ(ಜನೆರಿಕ್‌ಫಂಕ್ಷನ್):
    ಟೈಪ್ = ಸ್ಟ್ರಿಂಗ್()
    ನೇಮ್ = "ಹುಡುಕು_ರೂಪ"
    ಇನ್ಹೆರಿಟ್_ಕ್ಯಾಶ್ = ಟ್ರೂ

ಇದಿಷ್ಟು ಬರೆದ ಕ್ಷಣದಿಂದ ಫಂಕ್.ಹುಡುಕು_ರೂಪ ಅಂತ ಎಲ್ಲಿ ಕರೆದರೂ ಅದರ ಟೈಪ್ ಸ್ಟ್ರಿಂಗ್. ಬೇರೆ ಏನನ್ನೂ ಕರೆಯಬೇಕಾಗಿಲ್ಲ. ಆದರೆ ಈ ಕ್ಲಾಸ್ ಇರುವ ಫೈಲ್ ಒಮ್ಮೆಯಾದರೂ ಇಂಪೋರ್ಟ್ ಆಗಿರಬೇಕು. ಮಾಡೆಲ್‌ಗಳಿರುವ ಫೈಲ್‌ನಲ್ಲೇ ಇಟ್ಟರೆ ಆ ಚಿಂತೆ ಇಲ್ಲ. ಇನ್ಹೆರಿಟ್_ಕ್ಯಾಶ್ ಸಾಲು ಕ್ವೆರಿಯ ಕಂಪೈಲ್ ಆದ ರೂಪವನ್ನು ಮತ್ತೆ ಬಳಸಲು ಅನುಮತಿ ಕೊಡುತ್ತದೆ.

ಹೆಜ್ಜೆ 5: ಕೊಡುವ ಮೌಲ್ಯಗಳ ಟೈಪ್

ಫಂಕ್ಷನ್ ಇದೆ, ಹೆಸರೂ ಸರಿಯಿದೆ, ಆದರೂ ಪೋಸ್ಟ್‌ಗ್ರೆಸ್ ಅಂಥ ಫಂಕ್ಷನ್ ಇಲ್ಲ ಅನ್ನುತ್ತದೆ. ಹೊಸಬರನ್ನು ಅತಿ ಹೆಚ್ಚು ಕಾಡುವ ದೋಷ ಇದೇ. ಪೋಸ್ಟ್‌ಗ್ರೆಸ್ ಫಂಕ್ಷನ್‌ನ್ನು ಹೆಸರಿನಿಂದ ಮಾತ್ರ ಗುರುತಿಸುವುದಿಲ್ಲ, ಹೆಸರು ಮತ್ತು ಆರ್ಗ್ಯುಮೆಂಟ್‌ಗಳ ಟೈಪ್ ಎರಡನ್ನೂ ಸೇರಿಸಿ ಗುರುತಿಸುತ್ತದೆ.

ತಡವಾದ ಪುಸ್ತಕಕ್ಕೆ ದಂಡ ಹಾಕುವ ಫಂಕ್ಷನ್ ಇದೆ ಅನ್ನಿ: ದಂಡ(ದಿನಗಳು ಸ್ಮಾಲ್‌ಇಂಟ್, ದರ ನ್ಯೂಮರಿಕ್). ಫಂಕ್.ದಂಡ(5, 2.5) ಅಂತ ಕರೆದರೆ ಕೆಲಸ ಆಗುವುದಿಲ್ಲ. 5 ಇಂಟೀಜರ್ ಆಗಿ ಹೋಗುತ್ತದೆ, ಇಂಟೀಜರ್‌ನ್ನು ಸ್ಮಾಲ್‌ಇಂಟ್‌ಗೆ ಪೋಸ್ಟ್‌ಗ್ರೆಸ್ ತಾನಾಗಿ ಇಳಿಸುವುದಿಲ್ಲ. ಇದಕ್ಕೆ ಮದ್ದು ಫಂಕ್ಷನ್‌ನಲ್ಲೇ ಇದೆ: ಆರ್ಗ್ಯುಮೆಂಟ್‌ಗಳಿಗೆ ಸ್ಮಾಲ್‌ಇಂಟ್ ಇಡಬೇಡಿ, ಇಂಟೀಜರ್ ಇಡಿ. ಟೇಬಲ್‌ನಲ್ಲಿ ಉಳಿಯುವ ಎರಡು ಬೈಟ್ ಫಂಕ್ಷನ್ ಕರೆಯಲ್ಲಿ ಯಾವ ಲಾಭವನ್ನೂ ಕೊಡುವುದಿಲ್ಲ.

2.5ರ ಕಥೆ ಸ್ವಲ್ಪ ಬೇರೆ. ಪೈಥಾನ್‌ನ ಫ್ಲೋಟ್ ಅದು. ಸೈಕೋಪಿಜಿ2 ಎಂಬ ಹಳೆಯ ಡ್ರೈವರ್ ಮೌಲ್ಯವನ್ನು ತಾನೇ ಕ್ವೆರಿಯ ಪಠ್ಯದಲ್ಲಿ ಸುರಕ್ಷಿತವಾಗಿ ಬರೆದು ಕಳಿಸುತ್ತದೆ. ಪೋಸ್ಟ್‌ಗ್ರೆಸ್ ಕಣ್ಣಿಗೆ 2.5 ನ್ಯೂಮರಿಕ್ ಆಗಿ ಕಾಣುತ್ತದೆ, ಕರೆ ನಡೆಯುತ್ತದೆ. ಸೈಕೋಪಿಜಿ 3 ಮತ್ತು ಅಸಿಂಕ್‌ಪಿಜಿ ಹಾಗಲ್ಲ. ಅವು ಮೌಲ್ಯದ ಜೊತೆ ಫ್ಲೋಟ್ ಎಂಬ ಟೈಪನ್ನೂ ಕಳಿಸುತ್ತವೆ. ಫ್ಲೋಟ್‌ನಿಂದ ನ್ಯೂಮರಿಕ್‌ಗೆ ಫಂಕ್ಷನ್ ಕರೆಯಲ್ಲಿ ತಾನಾಗಿ ಬದಲಾವಣೆ ಇಲ್ಲ. ಹಾಗಾಗಿ ವರ್ಷಗಟ್ಟಲೆ ನಡೆದ ಕೋಡ್ ಡ್ರೈವರ್ ಬದಲಾದ ದಿನ ನಿಂತುಹೋಗಬಹುದು. ಡೆಸಿಮಲ್("2.5") ಕೊಡಿ, ಅಥವಾ ಕಾಸ್ಟ್(2.5, ನ್ಯೂಮರಿಕ್) ಅಂತ ಸುತ್ತಿ ಕೊಡಿ. ದುಡ್ಡಿನ ಲೆಕ್ಕಕ್ಕೆ ಹೇಗೂ ಡೆಸಿಮಲ್ಲೇ ಸರಿ.

ಡೇಟಾಬೇಸ್‌ಗೆ ಏನು ಹೋಗುತ್ತಿದೆ ಎಂದು ನೋಡಲು ಎಂಜಿನ್ ಸೃಷ್ಟಿಸುವಾಗ ಎಕೋ=ಟ್ರೂ ಹಾಕಿ. ಕ್ವೆರಿಯೂ ಪ್ಯಾರಾಮೀಟರ್‌ಗಳೂ ಲಾಗ್‌ನಲ್ಲಿ ಬರುತ್ತವೆ. ಕ್ವೆರಿಯನ್ನು ಬರೀ ಪ್ರಿಂಟ್ ಮಾಡಿದರೂ ಎಸ್‌ಕ್ಯುಎಲ್ ಕಾಣುತ್ತದೆ, ಆದರೆ ಅದು ಪೋಸ್ಟ್‌ಗ್ರೆಸ್‌ಗೆ ಹೋಗುವ ರೂಪವೇ ಆಗಿರಬೇಕೆಂದಿಲ್ಲ.

ಹೆಜ್ಜೆ 6: ಇಂಡೆಕ್ಸ್ ಇಲ್ಲದೆ ಹುಡುಕಬೇಡಿ

ವೇರ್ ಭಾಗದಲ್ಲಿ ಕಾಲಮ್‌ನ್ನು ಫಂಕ್ಷನ್ ಒಳಗೆ ಹಾಕಿದ ಮೇಲೆ, ಹೆಸರು ಕಾಲಮ್ ಮೇಲಿದ್ದ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಪಟ್ಟಿ) ಕೆಲಸಕ್ಕೆ ಬರುವುದಿಲ್ಲ. ಪ್ರತಿ ಹುಡುಕಾಟಕ್ಕೂ ಪೂರ್ತಿ ಟೇಬಲ್ ಓದಬೇಕಾಗುತ್ತದೆ. ಫಂಕ್ಷನ್‌ನ ಉತ್ತರದ ಮೇಲೆಯೇ ಇಂಡೆಕ್ಸ್ ಕಟ್ಟಬೇಕು:

ಇಂಡೆಕ್ಸ್("ಸದಸ್ಯ_ಹುಡುಕು", ಫಂಕ್.ಹುಡುಕು_ರೂಪ(ಸದಸ್ಯ.ಹೆಸರು))

ಇಮ್ಯೂಟಬಲ್ ಫಂಕ್ಷನ್ ಆಗಿದ್ದರೆ ಮಾತ್ರ ಪೋಸ್ಟ್‌ಗ್ರೆಸ್ ಇದಕ್ಕೆ ಒಪ್ಪುತ್ತದೆ. ಒಪ್ಪಲಿಲ್ಲ ಅಂತ ಬೇರೆ ಯಾವುದೋ ಫಂಕ್ಷನ್‌ಗೆ ಇಮ್ಯೂಟಬಲ್ ಹಣೆಪಟ್ಟಿ ಅಂಟಿಸಬೇಡಿ. ಇಂಡೆಕ್ಸ್‌ನಲ್ಲಿ ಹಳೆಯ ಉತ್ತರ ಉಳಿದು, ಇರುವ ಸಾಲೇ ಸಿಗದಂತಾಗುತ್ತದೆ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ನಾಳೆ ನೀವು ಹುಡುಕು_ರೂಪದ ಒಳಗಿನ ಕೋಡ್ ಬದಲಿಸಿದರೆ, ಉದಾಹರಣೆಗೆ ನಡುವಿನ ಚುಕ್ಕಿಗಳನ್ನೂ ತೆಗೆಯುವಂತೆ ಮಾಡಿದರೆ, ಇಂಡೆಕ್ಸ್ ತಾನಾಗಿ ಹೊಸದಾಗುವುದಿಲ್ಲ. ಅದರೊಳಗೆ ಹಳೆಯ ಕೋಡ್ ಕೊಟ್ಟ ಉತ್ತರಗಳೇ ಇರುತ್ತವೆ. ದೋಷವೂ ಬರುವುದಿಲ್ಲ. ಕೆ. ಶಾರದಾ ಎಂಬ ಸದಸ್ಯರು ಇದ್ದರೂ ಇಲ್ಲ ಎಂಬ ಉತ್ತರ ಬರುತ್ತದೆ, ಅಷ್ಟೇ. ಕೋಡ್ ಬದಲಾದ ಕೂಡಲೇ ರೀಇಂಡೆಕ್ಸ್ ಮಾಡಿ.

ಇಂಥ ಇಂಡೆಕ್ಸ್ ಬದಲು ಪೋಸ್ಟ್‌ಗ್ರೆಸ್ 12ರಿಂದ ಬಂದ ಜನರೇಟೆಡ್ ಕಾಲಮ್ (ಬೇರೆ ಕಾಲಮ್‌ನಿಂದ ತಾನಾಗಿ ಲೆಕ್ಕವಾಗುವ ಕಾಲಮ್) ಮಾಡಿ, ಅದರ ಮೇಲೆ ಮಾಮೂಲಿ ಇಂಡೆಕ್ಸ್ ಕಟ್ಟಲೂಬಹುದು. ಎಸ್‌ಕ್ಯುಎಲ್‌ಆಲ್ಕೆಮಿಯಲ್ಲಿ ಅದಕ್ಕೆ ಕಂಪ್ಯೂಟೆಡ್ ಇದೆ. ಹುಡುಕುವ ರೂಪ ಕಣ್ಣಿಗೆ ಕಾಣುವ ಕಾಲಮ್ ಆಗಿರುವುದರಿಂದ ಏನು ತಪ್ಪಾಗಿದೆ ಅಂತ ನೋಡುವುದು ಸುಲಭ. ಜಾಗ ಜಾಸ್ತಿ ಬೇಕು.

ಹೆಜ್ಜೆ 7: ಒಳಗೆ ಬರೆಯುವ ಫಂಕ್ಷನ್ ಇದ್ದರೆ ಕಮಿಟ್ ಮಾಡಿ

ಸದಸ್ಯ_ಸೇರಿಸು ಎಂಬ ಫಂಕ್ಷನ್ ಹೊಸ ಸಾಲು ಸೇರಿಸಿ ಅದರ ಐಡಿ ಕೊಡುತ್ತದೆ ಅನ್ನಿ. ಪೈಥಾನ್‌ನಲ್ಲಿ ಕರೆಯುವುದು ಸೆಲೆಕ್ಟ್ ಮೂಲಕವೇ:

ಕನೆಕ್ಷನ್.ಸ್ಕೇಲರ್(ಸೆಲೆಕ್ಟ್(ಫಂಕ್.ಸದಸ್ಯ_ಸೇರಿಸು("ಮಂಜುಳಾ")))

ಐಡಿ ಬರುತ್ತದೆ. ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಆಮೇಲೆ ಟೇಬಲ್ ನೋಡಿದರೆ ಮಂಜುಳಾ ಇಲ್ಲ. 2.0ರಲ್ಲಿ ಆಟೋಕಮಿಟ್ ಇಲ್ಲ, ಅಂದರೆ ಬದಲಾವಣೆ ತಾನಾಗಿ ಕಾಯಂ ಆಗುವುದಿಲ್ಲ. ಕಮಿಟ್ ಹೇಳದೆ ಕನೆಕ್ಷನ್ ಮುಚ್ಚಿದರೆ ಮಾಡಿದ್ದೆಲ್ಲ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ರದ್ದಾಗುತ್ತದೆ. ಸೆಲೆಕ್ಟ್ ಅಂತ ಬರೆದ ಕಡೆ ಕಮಿಟ್ ಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ, ಅದಕ್ಕೇ ಈ ತಪ್ಪು ಹಿಡಿಯುವುದು ಕಷ್ಟ. ವಿತ್ ಎಂಜಿನ್.ಬಿಗಿನ್() ಬಳಸಿದರೆ ಬ್ಲಾಕ್ ಚೆನ್ನಾಗಿ ಮುಗಿದಾಗ ಕಮಿಟ್ ತಾನಾಗಿ ಆಗುತ್ತದೆ. ಸೆಷನ್ ಬಳಸುವವರು ಸೆಷನ್.ಕಮಿಟ್() ಹೇಳಿ.

ಸೆಷನ್ ಬಳಸುವವರಿಗೆ ಇನ್ನೊಂದು ಮಾತು. ಫಂಕ್ಷನ್ ಒಳಗೆ ಬದಲಾದ ಸಾಲುಗಳು ಸೆಷನ್‌ಗೆ ಗೊತ್ತಾಗುವುದಿಲ್ಲ. ನಿಮ್ಮ ಕೈಯಲ್ಲಿ ಮೊದಲೇ ಇದ್ದ ಆಬ್ಜೆಕ್ಟ್ ಹಳೆಯ ಮೌಲ್ಯವನ್ನೇ ತೋರಿಸುತ್ತಿರುತ್ತದೆ. ಅದೇ ಟ್ರಾನ್ಸಾಕ್ಷನ್‌ನಲ್ಲಿ ಮುಂದುವರಿಯಬೇಕಿದ್ದರೆ ಸೆಷನ್.ರಿಫ್ರೆಶ್ ಮಾಡಿ.

ಹೆಜ್ಜೆ 8: ಸಾಲುಗಳನ್ನೇ ಕೊಡುವ ಫಂಕ್ಷನ್

ಬಾಕಿ_ಪುಸ್ತಕಗಳು(ಸದಸ್ಯ_ಐಡಿ) ಎಂಬ ಫಂಕ್ಷನ್ ಒಬ್ಬ ಸದಸ್ಯರ ಬಳಿ ಉಳಿದ ಪುಸ್ತಕಗಳನ್ನೂ ಎಷ್ಟು ದಿನ ತಡವಾಗಿದೆ ಎಂಬುದನ್ನೂ ಕೊಡುತ್ತದೆ. ಅದು ರಿಟರ್ನ್ಸ್ ಟೇಬಲ್ ಅಂತ ಬರೆದ ಫಂಕ್ಷನ್. ಇದನ್ನು ಸೆಲೆಕ್ಟ್ ಒಳಗೆ ನೇರವಾಗಿ ಹಾಕಿದರೆ ಪ್ರತಿ ಸಾಲೂ ಆವರಣದೊಳಗೆ ಅಲ್ಪವಿರಾಮ ಹಾಕಿದ ಒಂದೇ ಮುದ್ದೆಯಾಗಿ ಬರುತ್ತದೆ. ನಮಗೆ ಬೇಕಿರುವುದು ಕಾಲಮ್‌ಗಳು. ಎಸ್‌ಕ್ಯುಎಲ್‌ಆಲ್ಕೆಮಿ 1.4ರಿಂದ ಇದಕ್ಕೆ ಟೇಬಲ್_ವ್ಯಾಲ್ಯೂಡ್ ಇದೆ:

ಬಾಕಿ = ಫಂಕ್.ಬಾಕಿ_ಪುಸ್ತಕಗಳು(17).ಟೇಬಲ್_ವ್ಯಾಲ್ಯೂಡ್(
    ಕಾಲಮ್("ಪುಸ್ತಕ_ಐಡಿ", ಇಂಟೀಜರ್),
    ಕಾಲಮ್("ದಿನಗಳು", ಇಂಟೀಜರ್))
ಕ್ವೆರಿ = ಸೆಲೆಕ್ಟ್(ಬಾಕಿ.ಸಿ.ಪುಸ್ತಕ_ಐಡಿ, ಬಾಕಿ.ಸಿ.ದಿನಗಳು).ವೇರ್(ಬಾಕಿ.ಸಿ.ದಿನಗಳು > 14)

ಈಗ ಫಂಕ್ಷನ್ ಫ್ರಮ್ ಭಾಗಕ್ಕೆ ಹೋಗುತ್ತದೆ, ಟೇಬಲ್‌ನಂತೆಯೇ ಬಳಸಬಹುದು. ಒಂದೇ ಕಾಲಮ್ ಕೊಡುವ ಫಂಕ್ಷನ್‌ಗೆ ಕಾಲಮ್_ವ್ಯಾಲ್ಯೂಡ್ ಇನ್ನೂ ಸುಲಭ. ಫಂಕ್ಷನ್ ಬರೀ ರೆಕಾರ್ಡ್ ಅಂತ ವಾಪಸ್ ಕೊಟ್ಟು ಕಾಲಮ್ ಹೆಸರು ಹೇಳದಿದ್ದರೆ, ಕೊನೆಗೆ ರೆಂಡರ್_ಡಿರೈವ್ಡ್(ವಿತ್_ಟೈಪ್ಸ್=ಟ್ರೂ) ಸೇರಿಸಿ. ಹೆಸರು, ಟೈಪ್ ಎರಡನ್ನೂ ಅದು ಎಸ್‌ಕ್ಯುಎಲ್‌ನಲ್ಲಿ ಬರೆಯುತ್ತದೆ.

ಎಲ್ಲ ಸದಸ್ಯರಿಗೂ ಒಂದೇ ಕ್ವೆರಿಯಲ್ಲಿ ಬಾಕಿ ಬೇಕಾದರೆ 17ರ ಜಾಗದಲ್ಲಿ ಸದಸ್ಯ.ಐಡಿ ಕೊಟ್ಟು, ಅದಕ್ಕೆ .ಲ್ಯಾಟರಲ್() ಸೇರಿಸಿ, ಸದಸ್ಯ ಟೇಬಲ್‌ಗೆ ಟ್ರೂ() ಎಂಬ ಷರತ್ತಿನ ಮೇಲೆ ಜಾಯಿನ್ ಮಾಡಿ. ಬಾಕಿ ಇಲ್ಲದ ಸದಸ್ಯರೂ ಪಟ್ಟಿಯಲ್ಲಿ ಇರಬೇಕಾದರೆ ಈಸ್‌ಔಟರ್=ಟ್ರೂ ಹಾಕಿ.

ಪ್ರೊಸೀಜರ್ ಬೇರೆ ವಸ್ತು. ಪೋಸ್ಟ್‌ಗ್ರೆಸ್ 11ರಿಂದ ಪ್ರೊಸೀಜರ್‌ಗಳಿವೆ. ಅವನ್ನು ಸೆಲೆಕ್ಟ್‌ನಿಂದ ಕರೆಯಲಾಗದು, ಫಂಕ್ ಅಲ್ಲಿ ನಡೆಯುವುದಿಲ್ಲ. ಟೆಕ್ಸ್ಟ್("ಕಾಲ್ ...") ಬರೆದು ಎಕ್ಸಿಕ್ಯೂಟ್ ಮಾಡಿ.

ಹೆಜ್ಜೆ 9: ಎಸ್‌ಕ್ಯುಎಲೈಟ್‌ನಲ್ಲಿ ಅದೇ ಹೆಸರು

ಎಸ್‌ಕ್ಯುಎಲೈಟ್‌ನಲ್ಲಿ ಕ್ರಿಯೇಟ್ ಫಂಕ್ಷನ್ ಎಂಬ ಆದೇಶವೇ ಇಲ್ಲ. ಫಂಕ್ಷನ್ ಬರೆಯುವುದು ಪೈಥಾನ್‌ನಲ್ಲೇ, ಆಮೇಲೆ ಅದನ್ನು ಕನೆಕ್ಷನ್‌ಗೆ ಪರಿಚಯಿಸಬೇಕು. ಪರಿಚಯ ಆ ಒಂದು ಕನೆಕ್ಷನ್‌ಗೆ ಮಾತ್ರ. ಪೂಲ್‌ನಿಂದ (ಎಂಜಿನ್ ಇಟ್ಟುಕೊಳ್ಳುವ ಕನೆಕ್ಷನ್‌ಗಳ ಗುಂಪು) ಹೊಸ ಕನೆಕ್ಷನ್ ಬಂದರೆ ಅದಕ್ಕೆ ಮತ್ತೆ ಹೇಳಬೇಕು. ಅದಕ್ಕಾಗಿ ಕನೆಕ್ಟ್ ಎಂಬ ಈವೆಂಟ್‌ಗೆ ಕಿವಿಗೊಡುವ ಫಂಕ್ಷನ್ ಒಂದನ್ನು ಜೋಡಿಸಿ:

@ಈವೆಂಟ್.ಲಿಸನ್ಸ್_ಫಾರ್(ಎಂಜಿನ್, "ಕನೆಕ್ಟ್")
ಡೆಫ್ ಪರಿಚಯಿಸು(ಡಿಬಿ_ಕನೆಕ್ಷನ್, ದಾಖಲೆ):
    ಡಿಬಿ_ಕನೆಕ್ಷನ್.ಕ್ರಿಯೇಟ್_ಫಂಕ್ಷನ್("ಹುಡುಕು_ರೂಪ", 1, ಪೈ_ಹುಡುಕು_ರೂಪ, ಡಿಟರ್ಮಿನಿಸ್ಟಿಕ್=ಟ್ರೂ)

1 ಎಂದರೆ ಆರ್ಗ್ಯುಮೆಂಟ್‌ಗಳ ಸಂಖ್ಯೆ. ಎಷ್ಟಾದರೂ ಇರಲಿ ಅನ್ನಬೇಕಾದರೆ -1 ಕೊಡಿ. ಎಂಜಿನ್ ಮೊದಲ ಕನೆಕ್ಷನ್ ತೆಗೆಯುವ ಮುಂಚೆಯೇ ಇದು ಜೋಡಣೆಯಾಗಿರಬೇಕು. ಡಿಟರ್ಮಿನಿಸ್ಟಿಕ್ ಎಂಬುದು ಇಲ್ಲಿನ ಇಮ್ಯೂಟಬಲ್, ಪೈಥಾನ್ 3.8ರಿಂದ ಇದೆ. ಅದಿಲ್ಲದಿದ್ದರೆ ಆರನೇ ಹೆಜ್ಜೆಯ ಇಂಡೆಕ್ಸ್ ಎಸ್‌ಕ್ಯುಎಲೈಟ್‌ನಲ್ಲಿ ಸೃಷ್ಟಿಯಾಗುವುದೇ ಇಲ್ಲ.

ಪೈ_ಹುಡುಕು_ರೂಪ ಬರೆಯುವಾಗ ಪೋಸ್ಟ್‌ಗ್ರೆಸ್‌ನ ಕೋಡನ್ನು ಪಕ್ಕದಲ್ಲಿಟ್ಟುಕೊಳ್ಳಿ. ನನ್ (ಪೈಥಾನ್‌ನಲ್ಲಿ ನಲ್‌ಗೆ ಇರುವ ಹೆಸರು) ಬಂದರೆ ನನ್ ವಾಪಸ್ ಕೊಡಿ, ಅದು ಅಲ್ಲಿನ ಸ್ಟ್ರಿಕ್ಟ್. ಅಂಕಿಗಳಿಗೂ ಕಾಣದ ಅಕ್ಷರಗಳಿಗೂ ಮೇಕ್‌ಟ್ರಾನ್ಸ್ ಪಟ್ಟಿ ಮಾಡಿ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸಿದ) ರೂಪ ಕೇಳಿ, ಪೋಸ್ಟ್‌ಗ್ರೆಸ್ ಏನೂ ಹೇಳದಿದ್ದಾಗ ಬಳಸುವುದೂ ಅದೇ. ಕೊನೆಗೆ ಸ್ಟ್ರಿಪ್(" ") ಬರೆಯಿರಿ, ಖಾಲಿ ಸ್ಟ್ರಿಪ್() ಬೇಡ. ಬಿಟ್ರಿಮ್ ಬರೀ ಸ್ಪೇಸ್ ತೆಗೆಯುತ್ತದೆ. ಪೈಥಾನ್‌ನ ಖಾಲಿ ಸ್ಟ್ರಿಪ್ ಟ್ಯಾಬ್, ಹೊಸ ಸಾಲು ಎಲ್ಲವನ್ನೂ ತೆಗೆಯುತ್ತದೆ. ಇಷ್ಟು ಸಣ್ಣ ವ್ಯತ್ಯಾಸದಿಂದಲೇ ಟೆಸ್ಟ್‌ನಲ್ಲಿ ಪಾಸಾದದ್ದು ನಿಜವಾದ ಡೇಟಾಬೇಸ್‌ನಲ್ಲಿ ಸಿಗದೆ ಹೋಗುತ್ತದೆ. ಇಪ್ಪತ್ತು ಮೂವತ್ತು ಹೆಸರುಗಳ ಒಂದು ಪಟ್ಟಿ ಮಾಡಿ ಎರಡೂ ಡೇಟಾಬೇಸ್‌ಗಳಲ್ಲಿ ಓಡಿಸಿ, ಉತ್ತರ ಒಂದೇ ಇದೆಯಾ ಅಂತ ನೋಡುವ ಟೆಸ್ಟ್ ಖಂಡಿತ ಇರಲಿ.

ಎಸ್‌ಕ್ಯುಎಲೈಟ್‌ಗೆ ವಾಪಸ್ ಕೊಡುವ ಮೌಲ್ಯ ಸ್ಟ್ರಿಂಗ್, ಇಂಟೀಜರ್, ಫ್ಲೋಟ್, ಬೈಟ್ಸ್ ಅಥವಾ ನನ್ ಆಗಿರಬೇಕು. ಡೆಸಿಮಲ್ ಕೊಟ್ಟರೆ ದೋಷ ಬರುತ್ತದೆ. ಫಂಕ್ಷನ್ ಒಳಗೆ ಏನೇ ಎಡವಟ್ಟಾದರೂ ಹೊರಗೆ ಬರುವುದು ಯೂಸರ್ ಡಿಫೈನ್ಡ್ ಫಂಕ್ಷನ್‌ನಲ್ಲಿ ತೊಂದರೆ ಎಂಬ ಒಂದೇ ಸಾಲು. ಒಳಗಿನ ಕಾರಣ ಕಾಣಬೇಕಾದರೆ ಎಸ್‌ಕ್ಯುಎಲೈಟ್3 ಮಾಡ್ಯೂಲ್‌ನ ಎನೇಬಲ್_ಕಾಲ್‌ಬ್ಯಾಕ್_ಟ್ರೇಸ್‌ಬ್ಯಾಕ್ಸ್(ಟ್ರೂ) ಕರೆಯಿರಿ.

ಹೆಜ್ಜೆ 10: ಫಂಕ್ಷನ್‌ನ ಕೋಡ್ ಪ್ರಾಜೆಕ್ಟ್ ಜೊತೆಗೇ ಇರಲಿ

ಯಾರೋ ಒಮ್ಮೆ ಕನ್ಸೋಲ್‌ನಲ್ಲಿ ಬರೆದ ಫಂಕ್ಷನ್, ಹೊಸ ಸರ್ವರ್ ಹಾಕಿದ ದಿನ ಕಾಣೆಯಾಗಿರುತ್ತದೆ. ಅಲೆಂಬಿಕ್ (ಡೇಟಾಬೇಸ್ ರಚನೆಯ ಬದಲಾವಣೆಗಳನ್ನು ಮೈಗ್ರೇಷನ್ ಎಂಬ ಫೈಲ್‌ಗಳಲ್ಲಿ ಇಡುವ ಸಾಧನ) ಬಳಸುತ್ತಿದ್ದರೆ ಮೈಗ್ರೇಷನ್ ಫೈಲ್‌ನಲ್ಲಿ ಆಪ್.ಎಕ್ಸಿಕ್ಯೂಟ್ ಒಳಗೆ ಕ್ರಿಯೇಟ್ ಆರ್ ರಿಪ್ಲೇಸ್ ಬರೆಯಿರಿ. ಅದರ ಆಟೋಜನರೇಟ್ ಟೇಬಲ್‌ಗಳ ಬದಲಾವಣೆ ಕಂಡುಹಿಡಿಯುತ್ತದೆ, ಫಂಕ್ಷನ್‌ಗಳದ್ದನ್ನು ಕಂಡುಹಿಡಿಯುವುದಿಲ್ಲ. ಇದನ್ನು ಕೈಯಲ್ಲೇ ಬರೆಯಬೇಕು.

ಕ್ರಿಯೇಟ್ ಆರ್ ರಿಪ್ಲೇಸ್‌ಗೆ ಮಿತಿಗಳಿವೆ. ವಾಪಸ್ ಕೊಡುವ ಟೈಪ್ ಬದಲಿಸಲು, ಆರ್ಗ್ಯುಮೆಂಟ್‌ಗಳ ಹೆಸರು ಬದಲಿಸಲು ಅದರಿಂದ ಆಗದು. ಮೊದಲು ಡ್ರಾಪ್ ಫಂಕ್ಷನ್ ಮಾಡಬೇಕು. ಆರ್ಗ್ಯುಮೆಂಟ್‌ನ ಟೈಪ್ ಬದಲಿಸಿದರೆ ಅಥವಾ ಹೊಸದೊಂದು ಸೇರಿಸಿದರೆ ದೋಷ ಬರುವುದಿಲ್ಲ, ಆದರೆ ಅದೇ ಹೆಸರಿನ ಎರಡನೇ ಫಂಕ್ಷನ್ ಹುಟ್ಟಿಕೊಳ್ಳುತ್ತದೆ. ಹಳೆಯದು ಹಾಗೇ ಇರುತ್ತದೆ, ಹಳೆಯ ರೀತಿಯ ಕರೆಗಳೆಲ್ಲ ಅದಕ್ಕೇ ಹೋಗುತ್ತವೆ. ಹೊಸ ಕೋಡ್ ಯಾಕೆ ಓಡುತ್ತಿಲ್ಲ ಅಂತ ತಲೆಕೆಡಿಸಿಕೊಳ್ಳುವ ಬದಲು, ಆರ್ಗ್ಯುಮೆಂಟ್ ಪಟ್ಟಿ ಬದಲಾದಾಗ ಹಳೆಯದನ್ನು ಅದೇ ಮೈಗ್ರೇಷನ್‌ನಲ್ಲಿ ಹೆಸರಿಸಿ ತೆಗೆಯಿರಿ.

ಅಲೆಂಬಿಕ್ ಇಲ್ಲದೆ ಕ್ರಿಯೇಟ್_ಆಲ್ ಮೇಲೆ ನಡೆಯುವ ಸಣ್ಣ ಪ್ರಾಜೆಕ್ಟ್ ಆದರೆ ಡಿಡಿಎಲ್ ಎಂಬ ಆಬ್ಜೆಕ್ಟ್‌ನಲ್ಲಿ ಫಂಕ್ಷನ್‌ನ ಪಠ್ಯ ಇಟ್ಟು, ಮೆಟಾಡೇಟಾದ ಈವೆಂಟ್‌ಗೆ ಜೋಡಿಸಿ. ಯಾವ ಈವೆಂಟ್ ಎನ್ನುವುದು ಮುಖ್ಯ. ಹುಡುಕು_ರೂಪ ಟೇಬಲ್‌ಗಳಿಗಿಂತ ಮೊದಲೇ ಇರಬೇಕು, ಯಾಕೆಂದರೆ ಸದಸ್ಯ ಟೇಬಲ್‌ನ ಇಂಡೆಕ್ಸ್ ಅದನ್ನು ಕರೆಯುತ್ತದೆ. ಹಾಗಾಗಿ ಬಿಫೋರ್_ಕ್ರಿಯೇಟ್. ಬಾಕಿ_ಪುಸ್ತಕಗಳು ಟೇಬಲ್ ಓದುವ ಫಂಕ್ಷನ್. ಎಸ್‌ಕ್ಯುಎಲ್ ಭಾಷೆಯಲ್ಲಿ ಬರೆದ ಫಂಕ್ಷನ್‌ನ ಒಡಲನ್ನು ಪೋಸ್ಟ್‌ಗ್ರೆಸ್ ಸೃಷ್ಟಿಸುವಾಗಲೇ ಪರೀಕ್ಷಿಸುತ್ತದೆ, ಟೇಬಲ್ ಇಲ್ಲದಿದ್ದರೆ ಒಪ್ಪುವುದಿಲ್ಲ. ಅದಕ್ಕೆ ಆಫ್ಟರ್_ಕ್ರಿಯೇಟ್. ಎರಡಕ್ಕೂ ಎಕ್ಸಿಕ್ಯೂಟ್_ಇಫ್(ಡಯಲೆಕ್ಟ್="ಪೋಸ್ಟ್‌ಗ್ರೆಸ್‌ಕ್ಯುಎಲ್") ಸೇರಿಸಿದರೆ ಎಸ್‌ಕ್ಯುಎಲೈಟ್ ಟೆಸ್ಟ್‌ಗಳಲ್ಲಿ ಅವು ಓಡುವುದಿಲ್ಲ. ಡಿಡಿಎಲ್ ಒಳಗೆ % ಚಿಹ್ನೆ ಬಂದರೆ %% ಅಂತ ಎರಡು ಸಲ ಬರೆಯಿರಿ.

ಮೈಎಸ್‌ಕ್ಯುಎಲ್ ಬಳಸುವವರಿಗೆ ಕೊನೆಯ ಮಾತು. ಫಂಕ್ ಅಲ್ಲೂ ಇದೇ ರೀತಿ ನಡೆಯುತ್ತದೆ. ಆದರೆ ಫಂಕ್ಷನ್ ಸೃಷ್ಟಿಸುವ ಸ್ಕ್ರಿಪ್ಟ್‌ಗಳಲ್ಲಿ ಡಿಲಿಮಿಟರ್ ಎಂಬ ಸಾಲುಗಳಿರುತ್ತವೆ. ಅವು ಮೈಎಸ್‌ಕ್ಯುಎಲ್‌ನ ಕಮಾಂಡ್ ಲೈನ್ ಪ್ರೋಗ್ರಾಂಗೆ ಹೇಳುವ ಮಾತು, ಸರ್ವರ್‌ಗೆ ಅರ್ಥವಾಗುವುದಿಲ್ಲ. ಪೈಥಾನ್‌ನಿಂದ ಕಳಿಸುವ ಮುಂಚೆ ಆ ಸಾಲುಗಳನ್ನು ತೆಗೆದು, ಫಂಕ್ಷನ್‌ನ ಪೂರ್ತಿ ಪಠ್ಯವನ್ನು ಒಂದೇ ಎಕ್ಸಿಕ್ಯೂಟ್‌ನಲ್ಲಿ ಕಳಿಸಿ. ಬೈನರಿ ಲಾಗ್ (ಬದಲಾವಣೆಗಳ ದಾಖಲೆ) ಚಾಲೂ ಇರುವ ಸರ್ವರ್ ಆಗಿದ್ದು 1418 ಎಂಬ ದೋಷ ಬಂದರೆ, ಫಂಕ್ಷನ್‌ಗೆ ಡಿಟರ್ಮಿನಿಸ್ಟಿಕ್ ಎಂಬ ಪದ ಸೇರಿಸುವುದು ಬಾಕಿಯಿದೆ ಅಂತ. ನಿಜವಾಗಿ ಡಿಟರ್ಮಿನಿಸ್ಟಿಕ್ ಆಗಿದ್ದರೆ ಮಾತ್ರ ಸೇರಿಸಿ.